ಎರಡನೇ ಗುಂಡಿ

ಮೈಸೂರಿನ ಶೋರೂಮಿನ ಹುಡುಗ ಚೆನ್ನಾಗೇ ಮಾತಾಡಿದ.
ಕಾಫಿ ಕೊಟ್ಟ. ನೊರೆಯ ಮೇಲೆ ಎಲೆ ಬರೆದಿದ್ದರು,
ಕುಡಿಯೋಕೆ ಮನಸ್ಸು ಬರಲಿಲ್ಲ.
ಅರವತ್ತನಾಲ್ಕು ಬಣ್ಣದ ದೀಪವಂತೆ ಬಾಗಿಲ ಅಂಚಿಗೆ,
ಚಾವಣಿ ಸರಿಸಿದರೆ ಆಕಾಶವಂತೆ.
ಆಕಾಶ ನಮ್ಮ ಮಂಡಿಯಲ್ಲೂ ಕಾಣುತ್ತೆ, ತಗಡು ಹಾರಿದ ಕಡೆ,
ಅಂದೆ. ಅವನು ನಗಲಿಲ್ಲ, ಬರೆದುಕೊಂಡ.
ಆನ್‌ರೋಡು ಬೆಲೆ ಹೇಳುವಾಗ ಮಾತ್ರ ದನಿ ತಗ್ಗಿಸಿದ,
ಸಾವಿನ ಮನೆಯಲ್ಲಿ ಬಾಕಿ ಕೇಳುವವರ ಹಾಗೆ.
ವಾಪಸು ಬರುವಾಗ ನಮ್ಮ ಪಿಕಪ್ಪು
ಹೊಳೆನರಸೀಪುರ ದಾಟಿ ಮೂರು ಸಲ ಕೆಮ್ಮಿತು.

ನಾನು ಬಿತ್ತನೆ ಗೆಡ್ಡೆಯವಳು.
ಹಾಸನದ ಯಾರ್ಡಿನಲ್ಲಿ ಇಪ್ಪತ್ತಾರು ವರ್ಷ.
ಜಲಂಧರದ ಲಾರಿ ನಿಂತ ಕೂಡಲೇ
ಚೀಲದ ಬಾಯಿಗೆ ಮೊಣಕೈವರೆಗೆ ಕೈ ಇಳಿಸಿ
ತಳದ್ದನ್ನು ತೆಗೆದು ಉಗುರಲ್ಲಿ ಕೆರೆದು ನೋಡುವವಳು.
ಮೇಲಿನದು ಯಾವಾಗಲೂ ಚೆನ್ನಾಗಿರುತ್ತೆ.
ಕಣ್ಣು ಎಷ್ಟಿವೆ, ಎಲ್ಲಿವೆ,
ಕುಯ್ದರೆ ನಡುವೆ ಕಪ್ಪೋ.

ಬಿ.ಎಂ. ರಸ್ತೆಯಲ್ಲಿ ಹಳೇ ಗಾಡಿಗಳ ಸಾಲು.
ಮುನೀರ ಟಾರ್ಚು ಕಚ್ಚಿಕೊಂಡು ಅಡಿಗೆ ತೂರಿದ.
ನಾಲ್ಕು ಬಳೆಯ ಗಾಡಿ, ಬಿಳಿ, ಹೊಳಪೋ ಹೊಳಪು.
"ಡಾಕ್ಟರು ಓಡಿಸಿದ್ದು ಮೇಡಂ. ಆಸ್ಪತ್ರೆ, ಮನೆ, ಅಷ್ಟೇ."
ಮಾರಾಟಕ್ಕೆ ನಿಂತ ಗಾಡಿಗಳನ್ನೆಲ್ಲ ಡಾಕ್ಟರುಗಳೇ ಓಡಿಸಿರುತ್ತಾರೆ,
ಕುಡುಕರು ಪಾಪ ನಡೆದೇ ಹೋಗ್ತಾರೇನೋ.
ಹಿಂದಿನ ಸೀಟಿನ ಬಳಿ ಕಾರ್ಪೆಟ್ಟು ಎತ್ತಿ ಮೂಗಿಟ್ಟೆ.
ಮಲ್ಲಿಗೆ ಸ್ಪ್ರೇ. ಮಲ್ಲಿಗೆಯ ಕೆಳಗೆ
ನನಗೆ ಗೊತ್ತಿರುವ ವಾಸನೆ:
ನೀರು ನಿಂತು, ಒಣಗಿ, ಯಾರಿಗೂ ಹೇಳದೆ ಉಳಿದದ್ದು.
ಆರು ದಿನ ಮಳೆಗೆ ಸಿಕ್ಕ ಲಾರಿಯ ತಳದ ಚೀಲ.
"ಇದು ಮುಳುಗಿದೆ," ಅಂದೆ.
"ಹೌದಕ್ಕ, ಬೋಲ್ಟಲ್ಲೆಲ್ಲ ಕೆಸರು," ಅಂತ ಅಡಿಯಿಂದ ಮುನೀರ.
ಯಾರ್ಡಿನವನಿಗೆ ಆಗಲೇ ಒಂದು ಫೋನು ಬಂತು.

ಬೂದು ಬಣ್ಣದ್ದು ಮೂಲೆಯಲ್ಲಿತ್ತು.
ಐದು ವರ್ಷ, ನಲವತ್ತೊಂದು ಸಾವಿರ,
ಎಡಬಾಗಿಲಿಗೆ ಗೇಟು ಉಜ್ಜಿದ ಉದ್ದನೆ ಗೀರು.
ಗೀರು ಕಂಡು ಸಮಾಧಾನವಾಯಿತು,
ಮುಚ್ಚಿಡದ ಗಾಯಕ್ಕೆ ರೇಟು ಕಟ್ಟಬಹುದು.
ಹತ್ತಿ ಕೂತೆ. ಕಾಲು ಬ್ರೇಕಿಗೆ ಎಟುಕಲಿಲ್ಲ.
ಅದೇನು ಹೊಸತಲ್ಲ. ನಾಲ್ಕಡಿ ಹತ್ತಿಂಚು ನಾನು,
ಅಪ್ಪನ ಮಂಡಿ ಕುರ್ಚಿಗೆ ದಿಂಬು ಹಾಕಿ ಕೂತವಳು,
ಪಿಕಪ್ಪಿನಲ್ಲಿ ಗೋಣಿ ಮಡಿಸಿ ಬೆನ್ನಿಗೆ ಕೊಟ್ಟವಳು.

ಬಾಗಿಲಲ್ಲಿ ಮೂರು ಗುಂಡಿ.
ಗುಂಡಿ ಅಂದರೆ ನಮಗೆ ರಸ್ತೆಯದ್ದೇ.
"ಸೀಟಿನ ನೆನಪು ಮೇಡಂ. ಓಡಿಸೋರ ಅಳತೆ ಹಿಡಿದಿಡುತ್ತೆ."
ಒಂದು ಒತ್ತಿದೆ. ಹಿಂದೆ ಸರಿದೂ ಸರಿದೂ
ಯಾರೋ ಆರಡಿಯವನ ಜಾಗದಲ್ಲಿ ನನ್ನ ಮುಳುಗಿಸಿತು.
ಎರಡು ಒತ್ತಿದೆ.
ಗುಂಯ್ ಅಂತ ಮುಂದೆ ಬಂತು, ಮೇಲೆದ್ದಿತು,
ಬೆನ್ನು ನೆಟ್ಟಗಾಯಿತು, ಕನ್ನಡಿಗಳು ತಾವೇ ತಲೆ ಬಾಗಿಸಿದವು,
ನಿಂತಿತು.
ನನ್ನ ಕಾಲು ಬ್ರೇಕಿನ ಮೇಲಿತ್ತು.

ಆರ್‌ಸಿ ಕೇಳಿ ನೋಡಿದೆ.
ಕೆ.ಎನ್. ಧರಣೇಂದ್ರಯ್ಯ. ಒಬ್ಬರೇ ಮಾಲೀಕರು.
"ಹೆಂಗಸರ ಕೈಗೇ ಹೋಗಿಲ್ಲ ಮೇಡಂ, ಗ್ಯಾರಂಟಿ,"
ಅಂದ ಯಾರ್ಡಿನವನು, ಇನ್ನೊಂದು ಐವತ್ತು ಸಾವಿರ
ಕೂಡಿಸಬಹುದಾದ ಗುಣ ಅದು ಎಂಬಂತೆ.
ನಾನು ಎಡಗಡೆ ನೋಡಿದೆ.
ಗೀರಿದ್ದ ಬಾಗಿಲು ಇಲ್ಲಿಂದ ಪೂರ್ತಿ ಕಾಣುವುದಿಲ್ಲ,
ನನ್ನ ಎತ್ತರದವರಿಗೆ.

ಮುನೀರನ ಹೆಗಲ ಟವೆಲ್ಲು ಎಳೆದುಕೊಂಡು
ಅವನ ಕೈ ಮುಚ್ಚಿ, ಒಳಗೆ ಬೆರಳು ಹಿಡಿದೆ.
ಪಾಪ, ಬೆವರಿದ. ಆ ಲೆಕ್ಕ ಅವನಿಗೆ ಬಾರದು.
ಬಾಯಲ್ಲೇ ಹೇಳಬೇಕಾಯಿತು. ಹತ್ತೊಂಬತ್ತೂವರೆ.
ಗೀರು ಹಾಗೇ ಇರಲಿ, ಪಾಲಿಶ್ ಬೇಡ.

"ಮೂರನೇದು ಖಾಲಿ ಇದೆ, ನಿಮ್ಮ ಅಳತೆ ಹಾಕಿಕೊಡ್ಲಾ ಮೇಡಂ?"
ಬೇಡ, ಎರಡರಲ್ಲೇ ಇದ್ದೀನಿ, ಅಂದೆ.