ಹೊತ್ತು

ಡೊಮಿಂಗಾಸ್, ನಿನ್ನ ಫಾರಂ ಇನ್ನೂ ನನ್ನ ಮೇಜಿನ ಮೇಲಿದೆ,
ಅರ್ಧ ತುಂಬಿ.
ಬೆಳಗಿನ ತಿಂಡಿ, ಮಧ್ಯಾಹ್ನದ ಊಟ, ರಾತ್ರಿಯ ಊಟ:
ಮೂರೇ ಮೂರು ಕಿಟಕಿ ಈ ಕಾಗದಕ್ಕೆ.
'ಮೊದಲನೆಯದು ಯಾವುದು ಸಿಸ್ಟರ್,' ನೀನು ಕೇಳಿದ್ದೆ,
'ಮಲಗುವ ಮುಂಚಿನದೋ, ಎದ್ದ ಮೇಲಿನದೋ?'
ನಾನು ಪೆನ್ನಿನ ಕ್ಯಾಪು ತೆಗೆದೆ, ಹಾಕಿದೆ,
ಮತ್ತೆ ತೆಗೆದೆ.

ನಾಲ್ಕೂ ಐವತ್ತರ ಬಸ್ಸು. ಅಮಡೋರಾದಿಂದ ಲಿಸ್ಬನ್ನಿಗೆ
ನಿಂತೇ ತೂಕಡಿಸುವ ಹೆಂಗಸರ ಬಸ್ಸು.
ಜೇಬಿನಲ್ಲಿ ನಾಲ್ಕು ಬಿಸ್ಕತ್ತು, ಎರಡು ಆಗಲೇ ಪುಡಿ.
ಎಂಟೂವರೆಗೆ ಮೆಷಿನ್ನಿನ ಕಾಫಿ, ಮೂರು ಸಕ್ಕರೆ:
'ಒಂದು ನಾಲಿಗೆಗೆ, ಎರಡು ಮೊಣಕಾಲಿಗೆ.'
ಆಮೇಲೆ ಯಾರದೋ ಮನೆಯ ಇಸ್ತ್ರಿ,
ಆಮೇಲೆ ಕರ್ಟನ್ ಎಳೆದು ಎರಡು ಗಂಟೆ ಸುಳ್ಳು ರಾತ್ರಿ,
ಸಂಜೆ ಆರಕ್ಕೆ ಮತ್ತೆ ಅದೇ ಕಟ್ಟಡ, ಅದೇ ಬಕೆಟ್ಟು.
ಹನ್ನೊಂದಕ್ಕೆ ಮನೆ. ಒಲೆಯ ಮುಂದೆ ನಿಂತುಕೊಂಡೇ
ಡಬ್ಬಿಯ ಮೀನು, ತಣ್ಣನೆಯ ಅನ್ನ,
ಬೂಟು ಬಿಚ್ಚದೆ.

ಊಟ ಬಲ್ಲವಳಿಗೆ ರೋಗವಿಲ್ಲವಂತೆ.
ನೀನು ಬಲ್ಲೆ, ಹನ್ನೊಂದು ಮಹಡಿಗಳ ಊಟ ಬಲ್ಲೆ;
ಕಸದ ಬುಟ್ಟಿ ಸುಳ್ಳು ಹೇಳುವುದಿಲ್ಲ.
ಏಳನೇ ಮಹಡಿ ಈಚೆಗೆ ಬ್ರೆಡ್ಡು ಬಿಟ್ಟಿದೆ, ಬರೀ ಬಾದಾಮಿ.
ಮೂರನೆಯದರ ದಪ್ಪ ಕನ್ನಡಕದವನು ಹೆಂಡತಿ ಕಟ್ಟಿದ ಸೊಪ್ಪನ್ನು
ಪೇಪರಿನಲ್ಲಿ ಸುತ್ತಿ ಎಸೆದು ಚಾಕಲೇಟು ತಿನ್ನುತ್ತಾನೆ.
ಆರೋಗ್ಯ ಸಪ್ತಾಹಕ್ಕೆಂದು ಸ್ವಾಗತದ ಮೇಜಿನ ಮೇಲೆ
ಬುಟ್ಟಿ ತುಂಬ ಸೇಬು.
ಅವುಗಳ ಧೂಳೂ ಒರೆಸಿದ್ದೀಯ, ಒಂದೊಂದಾಗಿ,
ಎಣಿಸಿ ಇಟ್ಟಿದ್ದಾರೆಂದು ಗೊತ್ತಿದ್ದು.

ಬೆರಳು ಚುಚ್ಚಿದೆ. ಇನ್ನೂರ ಹನ್ನೆರಡು.
ಇದನ್ನು ಹೇಳಲು ನನಗೆ ತರಬೇತಿಯಿದೆ:
ಕೊಂಚ ಕೊಂಚ ತಿನ್ನಬೇಕು, ಕಾಲಕಾಲಕ್ಕೆ ತಿನ್ನಬೇಕು,
ಕೂತು ತಿನ್ನಬೇಕು.
ನನ್ನದೇ ಹೊಟ್ಟೆ ಆಗ ಗುರ್ ಎಂದಿತು,
ಎರಡೂ ಕಾಲು, ನನ್ನ ಬ್ರೆಡ್ಡು ಬ್ಯಾಗಿನಲ್ಲೇ ಬೆವರುತ್ತಿತ್ತು.
ನೀನು ನಕ್ಕೆ. ನಾನೂ.

ಕಶೂಪಾ ಮಾಡುವುದಿಲ್ಲವೇ ಎಂದೆ.
ಅಷ್ಟೊತ್ತು ಮುದುಡಿ ಕೂತ ಮುಖ
ಒಲೆ ಹಚ್ಚಿದಂತೆ ಹೊತ್ತಿಕೊಂಡಿತು.
ಕುಟ್ಟಿದ ಜೋಳ, ಮೂರು ಬಗೆಯ ಕಾಳು, ಮರಗೆಣಸು, ಎಲೆಕೋಸು,
ಹಿಂದಿನ ರಾತ್ರಿಯೇ ನೆನೆಹಾಕಬೇಕು,
ಸಣ್ಣ ಉರಿಯಲ್ಲಿ ನಾಲ್ಕು ತಾಸು, ಪಕ್ಕದಲ್ಲೇ ಇರಬೇಕು,
ಇಲ್ಲದಿದ್ದರೆ ತಳ ಹೊತ್ತುತ್ತದೆ.
ನಿನ್ನ ದ್ವೀಪದಲ್ಲಿ ಹೊತ್ತು ಇತ್ತು, ಜೋಳ ಇರಲಿಲ್ಲ;
ಇಲ್ಲಿ ಜೋಳ ಚೀಲಗಟ್ಟಲೆ.
ನಾಲ್ಕು ತಾಸನ್ನು ಯಾವ ಅಂಗಡಿ ತೂಗಿ ಕೊಡುತ್ತದೆ?

ಡೊಮಿಂಗಾಸ್ ಅಂದರೆ ಭಾನುವಾರ.
ಹೆಸರಿನಲ್ಲಿದೆ, ವಾರದಲ್ಲಿಲ್ಲ.

ಮೊನ್ನೆ ಶನಿವಾರ ನೆನೆಹಾಕಿದ್ದೆಯಂತೆ.
ಬೆಳಗ್ಗೆ ಫೋನು: ಯಾರೋ ಬಂದಿಲ್ಲ, ಬಾ.
ನೀರು ಬಸಿದು ಬಟ್ಟೆ ಮುಚ್ಚಿ ಹೋದೆ.
ಸೋಮವಾರವೂ ಹಾಗೇ. ಮಂಗಳವಾರ ಬಟ್ಟೆ ಎತ್ತಿದರೆ
ಅವರೆಯ ಬಾಯಲ್ಲಿ ಬೆಳ್ಳನೆ ಬಾಲ.
'ಮೊಳಕೆ ಒಳ್ಳೆಯದಂತಲ್ಲ ಸಿಸ್ಟರ್,
ನಿಮ್ಮ ಗೋಡೆಯ ಮೇಲೆ ಬರೆದಿದೆ.'

ಅಷ್ಟು ಹೇಳಿ ಕುರ್ಚಿಯಲ್ಲೇ ನಿದ್ದೆ ಹೋದೆ.
ನಾನು ಕೊಟ್ಟ ಅಪಾಯಿಂಟ್‌ಮೆಂಟು
ಸರಿಯಾಗಿ ನಿನ್ನ ಎರಡು ಗಂಟೆಯ ರಾತ್ರಿಯ ನಡುವೆ ಬಿದ್ದಿತ್ತು.
ಮುಂದಿನವರನ್ನು ಕರೆಯಲಿಲ್ಲ. ಹನ್ನೊಂದು ನಿಮಿಷ.
ಕಂಪ್ಯೂಟರು ಕಾರಣ ಕೇಳುತ್ತಿತ್ತು, ಒಂದನ್ನು ಆರಿಸು:
ಹಸಿವಿಲ್ಲ. ರುಚಿಯಿಲ್ಲ. ಹಣವಿಲ್ಲ. ತಿಳಿವಳಿಕೆಯಿಲ್ಲ.

ನಾನು ಬ್ರೆಡ್ಡು ಬಿಚ್ಚಿದೆ, ಸದ್ದಾಗದಂತೆ,
ಅರ್ಧ ಮುರಿದು ನಿನ್ನ ಬ್ಯಾಗಿನ ಪಕ್ಕ ಇಟ್ಟೆ.
ಉಳಿದರ್ಧ ತಿನ್ನುವಾಗ ಗಮನಿಸಿದೆ,
ನಾನೂ ನಿಂತೇ ಇದ್ದೆ.