ಬಲಗಿವಿ

ತೊಂಬತ್ತು ಸಿಸಿ. ಕಿತ್ತಳೆ ಬಣ್ಣ ಉಳಿದದ್ದು
ಹಿಡಿಯ ಸಂದಿಯಲ್ಲಿ ಮಾತ್ರ.
ಮುಂಬೈ ಡಾಕಿನಿಂದ ಬೊನಿಫಾಸ ತಂದದ್ದು,
ನಮ್ಮ ಮದುವೆಗಿಂತ ಎರಡು ವರ್ಷ ಹಳತು.

ಚೋಕ್ ಎಳೆದು ಎರಡು, ಬಿಟ್ಟು ಒಂದು.
ಮೂರನೆಯದಕ್ಕೂ ಏಳದಿದ್ದರೆ
ದೂರ ಹೋಗಿ ಬೀಡಿ ಹಚ್ಚಬೇಕು.
ಸಿಟ್ಟಲ್ಲಿ ಎಳೆದರೆ ಪ್ಲಗ್ ಒದ್ದೆಯಾಗುತ್ತದೆ, ಅಷ್ಟೆ.
ಎದ್ದು ಕೂಗಿದರೆ ಸ್ವರ್ಣಾ ನದಿಯ
ಆಚೆ ದಡಕ್ಕೂ ಕೇಳುತ್ತದಂತೆ. ಇರಬಹುದು.

ಸಂತೆಕಟ್ಟೆಯಲ್ಲಿ ರಸ್ತೆ ಅಗಲವಾದಾಗ
ಬಿದ್ದ ಹೆಬ್ಬಲಸು ಇದು.
ಮಿಲ್ಲಿನ ಗಾಡಿ ಹತ್ತದಷ್ಟು ಸೊಂಟ.
ಅದರ ಬೆನ್ನಿಗೆ ಏಣಿ ಮಲಗಿಸಿ, ಮೊಳೆ ಹೊಡೆದು
ಏಣಿಯ ಮೇಲೆ ಗರಗಸ ಜಾರಿಸುತ್ತೇನೆ.
ಮೊದಲ ಸೀಳು ನೇರ ಬಂದರೆ ಉಳಿದದ್ದೆಲ್ಲ ನೇರ.
ಟ್ಯಾಂಕಿಗೊಮ್ಮೆ ನಿಲ್ಲಿಸಿ ಹಲ್ಲಿಗೆ ಅರ.
ಅಡ್ಡ ಕಡಿಯುವ ಹಲ್ಲೇ ಬೇರೆ, ಉದ್ದ ಸೀಳುವುದೇ ಬೇರೆ,
ಸುಕೇಶನಿಗೆ ಎಷ್ಟು ಹೇಳಿದರೂ ತಲೆಗೆ ಹೋಗುವುದಿಲ್ಲ.
ಹಳದಿ ಹುಡಿ ಬನಿಯನಿನೊಳಗೆ, ಮೀಸೆಯೊಳಗೆ.
ಹಲಗೆ ಮಗುಚಿದಾಗ
ಮರದೊಳಗಿನ ಪಸೆ
ಮೊದಲ ಸಲ ಬಿಸಿಲು ಕಾಣುತ್ತದೆ.

ಸಂಜೆ ಬೆರಳು ಬಿಳಿಚಿ
ಕೈಯಲ್ಲಿ ಚಾದ ಗ್ಲಾಸು ತನ್ನಷ್ಟಕ್ಕೇ ನಡುಗುತ್ತದೆ.
ಬಲಗಿವಿ ಹೋಗಿ ಆರು ವರ್ಷ.
ಸೆವ್ರಿನಳಿಗೆ ಗೊತ್ತುಂಟು.
ಅಂಗಡಿ ಲೆಕ್ಕ, ಗ್ಯಾಸು, ಬಂಗುಡೆ ರೇಟು
ಎಲ್ಲ ಎಡಗಡೆ ಬಂದೇ ಹೇಳುತ್ತಾಳೆ.

ರಾತ್ರಿ ಮಾತ್ರ ಬಲಗಡೆ ಮಲಗಿ
ಆ ಕಿವಿಗೇ ಬಾಯಿಟ್ಟು
ಏನೋ ಹೇಳುತ್ತಾಳೆ, ತುಂಬ ಹೊತ್ತು.
ಬಿಸಿ ಉಸಿರು ತಾಗುತ್ತದೆ, ಅಕ್ಷರ ಇಲ್ಲ.

ನಾನು ಮಗ್ಗುಲು ಬದಲಿಸುವುದಿಲ್ಲ.