ಮರದ ಬಳೆ

ಒಡ್‌ಮುಂಡ್ ಕಳಿಸಿದ್ದು ಒಂದು ಮರದ ಬಳೆ,
ಅಂಚೆಯಲ್ಲಿ, ಹಳೆ ಪತ್ರಿಕೆಯಲ್ಲಿ ಸುತ್ತಿ.
ಸಂದುಗಳಲ್ಲಿ ಒಣಗಿದ ಕಂದು ಹಕ್ಕಳೆ:
ನಾಲ್ಕು ತಲೆಮಾರಿನ ಯೀಸ್ಟು, ನಿದ್ದೆಯಲ್ಲಿ.
ಜತೆಗೊಂದು ಚೀಟಿ: "ಇದು ನಮ್ಮದು.
ಆಚೆ ದಡದವರದ್ದರ ಜೊತೆ ಬೆರೆಸಬೇಡಿ."

ಆಚೆ ದಡದ ಹಾಲ್ಡಿಸ್ ತಾನೇ ಬಂದಳು ಬರ್ಗೆನ್‌ಗೆ,
ಮಡಿಲಲ್ಲಿ ಜಾಡಿ, ಬಸ್ಸಿನಲ್ಲಿ ಎರಡು ಗಂಟೆ.
"ಬಾರ್ಲಿ ರಸ ಮೈಬಿಸಿಗಿಂತ ಬೆಚ್ಚಗಿರುವಾಗಲೇ ಹಾಕಬೇಕು.
ಹಾಕುವಾಗ ಕಿರುಚಬೇಕು, ಗಂಟಲು ಹರಿಯುವ ಹಾಗೆ.
ಇಲ್ಲದಿದ್ದರೆ ಬಿಯರಿಗೆ ಕಸುವು ಬಾರದು."
ಫಾರಮ್ಮಿನಲ್ಲಿ ಕಿರುಚಾಟಕ್ಕೆ ಕಾಲಂ ಇರಲಿಲ್ಲ.
'ಇತರೆ' ಎಂಬಲ್ಲಿ ಬರೆದುಕೊಂಡೆ.

ಯಂತ್ರ ಓದಿತು ಮೂರು ದಿನ.
ಒಂದು ಕೋಟಿ ಇಪ್ಪತ್ತು ಲಕ್ಷ ಅಕ್ಷರ,
ನಾಲ್ಕೇ ನಾಲ್ಕರ ವರ್ಣಮಾಲೆ,
ಒತ್ತಿಲ್ಲ, ದೀರ್ಘವಿಲ್ಲ, ಉಸಿರಿಗೊಂದು ವಿರಾಮವೂ ಇಲ್ಲ.
ಓಕ್ ತೊಗಟೆಯ ಮೇಲೆ ಬದುಕಲು ಬೇಕಿದ್ದ ಎಷ್ಟೋ ವಿದ್ಯೆ
ಈ ಮನೆಯ ಕೂಸಿಗೆ ಮರೆತುಹೋಗಿದೆ.
ಲವಂಗದ ವಾಸನೆ ಬಿಡಿಸುವ ಜೀನು
ನಡುವೆ ಮುರಿದಿದೆ, ತುಳಿದ ಕಡ್ಡಿಯ ಹಾಗೆ.
ಯಾರೋ ಹೆಂಗಸು ರುಚಿ ನೋಡಿ, ಮೂತಿ ಸೊಟ್ಟ ಮಾಡಿ
ಒಂದು ಹಂಡೆ ಬಚ್ಚಲಿಗೆ ಚೆಲ್ಲಿರಬೇಕು.
ಇನ್ನೊಂದನ್ನು ಚೆಲ್ಲಲಿಲ್ಲ.
ಪಠ್ಯದಲ್ಲಿ ಇದಕ್ಕೆ ಆಯ್ಕೆ ಅನ್ನುತ್ತಾರೆ.

ಮೇಲಿನ ಮಹಡಿಯಲ್ಲಿ ಇದರ ದಾಯಾದಿಗಳು
ಕಾಮಾಲೆ ಲಸಿಕೆಯ ತುಣುಕು ಹೆಣೆಯುತ್ತವೆ.
ಇದು ಬಿಸಿ ತಾಳುವ ಗುಟ್ಟು ಸಿಕ್ಕರೆ
ಕಾರ್ಖಾನೆಗೆ ತಣ್ಣೀರಿನ ಖರ್ಚು ಉಳಿದೀತು;
ನನ್ನ ಸಂಬಳ ಅದಕ್ಕೇ.

ಕಣ್ಣು ನಿಂತದ್ದು ಮಾತ್ರ ಬೇರೆಲ್ಲೋ.
ಬಳೆಯದೂ ಜಾಡಿಯದೂ ಪಕ್ಕದಲ್ಲಿಟ್ಟರೆ
ಅದೇ ಮುರಿತ, ಅದೇ ಜಾಗ. ಒಂದೇ ತಾಯಿ.
ಬೇರೆಯಾದದ್ದು ಯಾವಾಗ? ಎಣಿಸಿದೆ,
ತಪ್ಪಿದ ಅಕ್ಷರಗಳನ್ನು ಕಾಯಿಸಿದ ಹಂಡೆಗಳಿಂದ ಭಾಗಿಸಿ:
ಎಂಬತ್ತು ವರ್ಷ, ಹತ್ತು ಹಿಂದೆಮುಂದೆ.
ದೋಣಿಮನೆಯ ಜಗಳಕ್ಕೆ ನೂರಾಹತ್ತು.

ಅಂದರೆ ಮಾತು ಬಿಟ್ಟ ಮೇಲೆ,
ಚರ್ಚಿನಲ್ಲಿ ಬೇರೆ ಬೇರೆ ಸಾಲು ಹಿಡಿದ ಮೇಲೆ,
ಬಾರ್ಲಿ ಕಾಣದ ಯುದ್ಧದ ಯಾವುದೋ ಚಳಿಗಾಲ
ಒಂದು ಮನೆಯ ಹೆಪ್ಪು ಸತ್ತಿದೆ.
ಯಾರೋ ಕತ್ತಲಲ್ಲಿ ಹುಟ್ಟು ಹಾಕಿ ಬಂದಿದ್ದಾರೆ,
ಯಾರೋ ಕದ ತೆರೆದಿದ್ದಾರೆ.
ಬೇಡಿದವರಾರು, ಕೊಟ್ಟವರಾರು,
ಆ ಕೋಟಿ ಅಕ್ಷರದಲ್ಲಿ ಹೆಸರಿಲ್ಲ.

ಒಡ್‌ಮುಂಡ್‌ಗೆ ಫೋನು ಮಾಡಿ ಹೇಳಿದೆ.
"ಎಂಬತ್ತು?" ಅಂದ. ಬಹಳ ಹೊತ್ತು ಏನೂ ಇಲ್ಲ,
ಎಲ್ಲೋ ಕುರಿಯ ಗಂಟೆ.
ಆಮೇಲೆ, ಕೇಳದಿದ್ದರೂ:
"ಅವಳು ಕಿರುಚುವುದು ಇಲ್ಲಿಗೆ ಕೇಳಿಸುತ್ತದೆ,
ಗಾಳಿ ಈ ಕಡೆ ಇದ್ದರೆ."